ಬೈತಖೋಲದ ಬಲೆ ಹೆಣೆಯುವವರು ಕೊನೆಗೂ ನಕ್ಷೆಯೊಳಗೆ ಬಂದರು

ಕಾರವಾರದ ಜನ ಬಿಡುವಿನ ಹೊತ್ತನ್ನು ಎಲ್ಲೆಲ್ಲಿ ಕಳೆಯುತ್ತಾರೆ ಎಂದು ಎಣಿಸಿ, ಹೆಚ್ಚು ಜನ ಕಂಡಲ್ಲಿ ಗಾಢ ಬಣ್ಣ ತುಂಬುವ ನಕ್ಷೆಯೊಂದನ್ನು ಹವ್ಯಾಸಕ್ಕಾಗಿ ಮಾಡುತ್ತಿದ್ದೇನೆ. ಅದರಲ್ಲಿ ಬೈತಖೋಲ ಮೀನುಗಾರಿಕೆ ಬಂದರು ಇಷ್ಟು ಕಾಲ ಬಿಳಿಯಾಗಿಯೇ ಉಳಿದಿತ್ತು. ಈ ವಾರ ಅಲ್ಲಿಗೆ ಬಣ್ಣ ಬಂದಿದೆ, ಅದೂ ಟ್ಯಾಗೋರ್ ಕಡಲತೀರದ ಬಣ್ಣಕ್ಕೆ ಸರಿಗಟ್ಟುವಷ್ಟು ಗಾಢವಾಗಿ. ಕೋಡಿಬಾಗದ ಕಾಳಿ ದಂಡೆ, ಸದಾಶಿವಗಡದ ಗುಡ್ಡ, ದೇವಬಾಗದ ಗಾಳಿಮರಗಳ ಸಾಲು ಇವುಗಳ ಎಣಿಕೆ ಹಿಂದೆಯೇ ಮುಗಿದಿದೆ. ಅಂಕಿ ತುಂಬುವುದು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಏರಿಸುವುದು, ಪದರ ಹೊಂದಿಸುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಕೆಲಸ. ಅದನ್ನು ಬಿಟ್ಟು ನೇರವಾಗಿ ಬಂದರಿನ ಗಂಟಿಗೆ ಬರುತ್ತೇನೆ.

ನಾನು ಎಣಿಕೆ ಬರೆದುಕೊಳ್ಳುವ ಹಾಳೆಯ ಮೂಲ ಸೋಪಾರ್ಕ್ ಪದ್ಧತಿ. ಜಾಗವನ್ನು ತುಂಡುಗಳಾಗಿ ವಿಂಗಡಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಕಣ್ಣು ಹಾಯಿಸಿ, ಆ ಕ್ಷಣದಲ್ಲಿ ಕಂಡವರನ್ನು ಕುಳಿತವರು, ನಡೆಯುವವರು, ಜೋರಾಗಿ ಆಡುವವರು ಎಂದು ಬರೆದುಕೊಳ್ಳುವ ಪದ್ಧತಿ ಅದು. 2006ರಲ್ಲಿ ಮೆಕೆಂಜಿ, ಕೋಹೆನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದ್ದು ಉದ್ಯಾನ ಮತ್ತು ಆಟದ ಬಯಲುಗಳಿಗಾಗಿ. ಉದ್ಯಾನದೊಳಗೆ ಇರುವವನು ಬಿಡುವಿಗೇ ಬಂದಿದ್ದಾನೆ ಎಂಬುದು ಅಲ್ಲಿ ಬಾಯಿಬಿಟ್ಟು ಹೇಳಬೇಕಾದ ಮಾತಲ್ಲ. ಟ್ಯಾಗೋರ್ ಕಡಲತೀರದಲ್ಲಿ ಈ ಹಾಳೆ ಸೊಗಸಾಗಿ ನಡೆಯಿತು. ಐಎನ್‌ಎಸ್ ಚಪಲ್ ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು, ಮಯೂರವರ್ಮ ವೇದಿಕೆಯ ಮೆಟ್ಟಿಲ ಮೇಲೆ ಕುಳಿತ ಹುಡುಗರು, ಒದ್ದೆ ಮರಳಿನಲ್ಲಿ ಕ್ರಿಕೆಟ್ ಆಡುವವರು, ಎಲ್ಲರಿಗೂ ಒಂದೊಂದು ಕಾಲಂ ಸಿಕ್ಕಿತು. ಬೈತಖೋಲಕ್ಕೆ ಕಾಲಿಟ್ಟ ಕೂಡಲೇ ಹಾಳೆ ಕೈಕೊಟ್ಟಿತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಟ್ರಾಲರ್‌ಗಳೂ ಸುತ್ತುಬಲೆಯ ಪರ್ಸೀನ್ ಬೋಟುಗಳೂ ಒತ್ತೊತ್ತಾಗಿ ದಡ ಹಿಡಿದು ನಿಲ್ಲುತ್ತವೆ. ಹೊರರಾಜ್ಯದ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಊರಿಗೆ ಹೋಗುತ್ತಾರೆ. ಇಲ್ಲಿಯವರು ತಾಡಪಾಲಿನ ಕೆಳಗೆ ಬಲೆ ಹರಡಿಕೊಂಡು ಕೂರುತ್ತಾರೆ. ಮಳೆ ಬೀಳುವಷ್ಟು ಹೊತ್ತೂ ಅಲ್ಲಿ ಮಾತು, ನಗು, ಚಹಾ. ಊರಿನಲ್ಲಿ ಇಷ್ಟು ಜೀವಂತವಾದ ಕೂಟವನ್ನು ಮಳೆಗಾಲದಲ್ಲಿ ನಾನು ಬೇರೆಲ್ಲೂ ನೋಡಿಲ್ಲ. ಆದರೆ ಹಾಳೆಯ ಪ್ರಕಾರ ಅವರೆಲ್ಲ ಕೆಲಸದಲ್ಲಿದ್ದವರು. ಕೆಲಸದಲ್ಲಿದ್ದವರನ್ನು ಬಿಡುವಿನ ಎಣಿಕೆಯಿಂದ ತೆಗೆಯಬೇಕು. ತೆಗೆದರೆ ಬಂದರು ಖಾಲಿ.

ಇದನ್ನು ಅಷ್ಟಕ್ಕೇ ಬಿಡುವುದು ನನ್ನಿಂದಾಗಲಿಲ್ಲ, ಅದಕ್ಕೆ ಕಾರಣವಿದೆ. ಇಲ್ಲೇ ಹತ್ತಿರದ ಅರಗಾದ ಕಡಲತೀರ ಇಂದು ನೌಕಾನೆಲೆಯ ಒಳಗಿದೆ. ಆ ನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಕಾರ್ಯಾರಂಭ ಮಾಡಿತು. ಆ ದಂಡೆಯಲ್ಲಿ ಸಂಜೆ ಯಾರು ಎಲ್ಲಿ ಕೂರುತ್ತಿದ್ದರು ಎಂದು ತೋರಿಸುವ ಒಂದೇ ಒಂದು ನಕ್ಷೆಯೂ ನನಗೆ ಸಿಕ್ಕಿಲ್ಲ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದಾಗ ಟ್ಯಾಗೋರ್ ಕಡಲತೀರದ ಪರವಾಗಿ ಮಾತಾಡಿದವರು ಬಹಳ ಮಂದಿ, ಏಕೆಂದರೆ ಅದು ವಿಹಾರದ ಜಾಗ ಎಂದು ಎಲ್ಲರಿಗೂ ಗೊತ್ತು. ಬಲೆ ಹೊಲಿಯುವ ತಾಡಪಾಲಿನ ಪರವಾಗಿ ಹಾಗೆ ಹೇಳಲು ಯಾರ ಬಳಿಯೂ ಏನೂ ಇಲ್ಲ. ಸರ್ಕಾರಿ ಅಂಕಿಗಳೂ ನೆರವಿಗೆ ಬರುವುದಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಬೆಳಗಿನ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ ಅರ್ಧ ಅರ್ಧ ಗಂಟೆಯ ಲೆಕ್ಕ ಬರೆದುಕೊಂಡಿದೆ. ಅದೊಂದು ದೊಡ್ಡ ಕೆಲಸವೇ ಸರಿ. ಆದರೆ ಜಾಗದ ವಿಷಯಕ್ಕೆ ಬಂದರೆ ಮನೆಯೊಳಗೋ ಹೊರಗೋ ಎಂಬಲ್ಲಿಗೆ ಅದರ ಮಾತು ನಿಲ್ಲುತ್ತದೆ. ಹೊರಗೆ ಎಂದರೆ ಎಲ್ಲಿ? ಕಡಲತೀರವೋ, ಕಟ್ಟೆಯೋ, ಬಂದರೋ?

ಮೊದಲು ಹೊಳೆದದ್ದು ನೇರವಾಗಿ ಕೇಳುವ ದಾರಿ. ಇದು ನಿಮಗೆ ಕೆಲಸವೋ ಬಿಡುವೋ ಎಂದರೆ ಅಲ್ಲಿದ್ದ ಒಬ್ಬರು, "ಬಲೆ ಹರಿದಿದೆ, ಹೊಲಿಯುತ್ತೇವೆ. ಮಳೆ ಬರುತ್ತಿದೆ, ಮಾತಾಡುತ್ತೇವೆ. ಯಾವುದು ಬೇಕೋ ಬರೆದುಕೊಳ್ಳಿ ಮಾಸ್ತರೇ, ಬರೆದು ಮುಗಿದ ಮೇಲೆ ಈ ತುದಿ ಸ್ವಲ್ಪ ಹಿಡಿದುಕೊಳ್ಳಿ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು, ನಾನು ತುದಿ ಹಿಡಿದುಕೊಂಡೆ. ಆಮೇಲೆ ಒಬ್ಬನನ್ನು ಅರ್ಧ ಕೆಲಸ, ಅರ್ಧ ಬಿಡುವು ಎಂದು ಪಾಲು ಹಾಕುವ ಪ್ರಯೋಗ ನಡೆಯಿತು. ಆಗ ಬಂದರಿನ ತುಂಬ ಒಂದೇ ತೆರನಾದ ಪೇಲವ ಬಣ್ಣ ಹರಡಿತು. ಮಂಜುಗಡ್ಡೆ ಇಳಿಸುವ ಹುಡುಗನಿಗೂ ನಗುತ್ತ ಬಲೆ ಹೊಲಿಯುವ ಅಜ್ಜನಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಈ ನಡುವೆ ಸಾಮಾನಿನ ಗೋಳು ಬೇರೆ. ಆನ್‌ಲೈನ್‌ನಲ್ಲಿ ತರಿಸಿದ, ಹೆಬ್ಬೆರಳಿನಿಂದ ಒತ್ತಿ ಎಣಿಸುವ ಉಕ್ಕಿನ ಕೌಂಟರ್ ಉಪ್ಪುಗಾಳಿಗೆ ತುಕ್ಕು ಹಿಡಿದು, 9ರಿಂದ 10ಕ್ಕೆ ಹೋಗುವಾಗ ಸಿಕ್ಕಿಕೊಳ್ಳುತ್ತದೆ. ಕರಾವಳಿಯವರು ಯಾರೂ ಉಕ್ಕಿನದನ್ನು ಕೊಳ್ಳಬೇಡಿ, ಪ್ಲಾಸ್ಟಿಕ್ ಮೈಯದೇ ಬಾಳಿಕೆ ಬರುತ್ತದೆ. ಮಳೆಗೆ ನೆನೆಯದು ಎಂದು ಮಾರಿದ ಪುಸ್ತಕ ನಿಜಕ್ಕೂ ನೆನೆಯಲಿಲ್ಲ, ಆದರೆ ಅದರ ಮೇಲೆ ಪೆನ್ಸಿಲ್ಲೂ ಮೂಡಲಿಲ್ಲ. ಎಲ್ಲಕ್ಕಿಂತ ಸಿಟ್ಟು ಬಂದದ್ದು ಮುದ್ರಣದ ಅಂಗಡಿಯ ಮೇಲೆ. 1:500 ಅಳತೆಯ ಮೂಲನಕ್ಷೆಯನ್ನು ಯಾವ ಕಾರಣಕ್ಕೂ ಹಿಗ್ಗಿಸಬೇಡಿ, ಕುಗ್ಗಿಸಬೇಡಿ ಎಂದು ಬರೆದುಕೊಟ್ಟಿದ್ದೆ. ಅವರು ಅಂಚು ಚೆಂದ ಕಾಣಲಿ ಎಂದು ಹಾಳೆಗೆ ಹೊಂದಿಸಿ ಮುದ್ರಿಸಿದರು. ಸ್ಕೇಲ್ ಇಟ್ಟು ಅಳೆದರೆ ಜೆಟ್ಟಿಯೇ ಮೋಟಾಗಿತ್ತು. ಇಡೀ ಕಟ್ಟನ್ನು ವಾಪಸು ಕೊಟ್ಟು ಬಂದೆ.

ಗಂಟು ಬಿಡಿಸಿದ್ದು ಒಬ್ಬ ಮುದಿ ತಾಂಡೇಲ, ಅಂದರೆ ಹಿಂದೆ ಬೋಟು ನಡೆಸುತ್ತಿದ್ದವರು. ಈಗ ಯಾವ ಬೋಟಿನಲ್ಲೂ ಅವರಿಗೆ ಪಾಲಿಲ್ಲ, ಕೂಲಿಯೂ ಇಲ್ಲ. ಆದರೂ ಬೆಳಗಿನ ಗಂಜಿ ಮುಗಿಸಿ ಬಂದು, ಮಗುಚಿಟ್ಟ ಮೀನಿನ ಕ್ರೇಟಿನ ಮೇಲೆ ಕೂರುತ್ತಾರೆ. ಯಾರದ್ದೋ ಬಲೆಯ ಹರಿದ ಅಂಚನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡುತ್ತಾರೆ, ನೀಲಿ ನೈಲಾನ್ ದಾರ ಸುತ್ತಿದ ಸೂಜಿಯನ್ನು ತೂರಿಸುತ್ತಾರೆ, ಕಣ್ಣಿನ ಅಳತೆಗಿಟ್ಟುಕೊಂಡ ಪಟ್ಟಿಯ ಸುತ್ತ ದಾರ ತಂದು ಗಂಟು ಬಿಗಿಯುತ್ತಾರೆ. ಬಾಯಲ್ಲಿ ಕಥೆ ನಡೆದೇ ಇರುತ್ತದೆ. ಆ ದಿನ ಇಂಜಿನ್ ಕೆಟ್ಟು ಕೂರ್ಮಗಡ ದ್ವೀಪದ ಆಚೆ ರಾತ್ರಿ ಕಳೆದ ಸಂಗತಿ ಹೇಳುತ್ತಿದ್ದರು. ಅಲೆ ದೋಣಿಯನ್ನು ಬಂಡೆಯ ಕಡೆ ತಳ್ಳಿತು ಎಂಬಲ್ಲಿಗೆ ಕಥೆ ಬಂದಾಗ ಸುತ್ತಲಿನ ಸೂಜಿಗಳೆಲ್ಲ ಒಟ್ಟಿಗೆ ನಿಂತವು. ದೋಣಿ ಪಾರಾದ ಮೇಲೆ ಮತ್ತೆ ಆಡತೊಡಗಿದವು. ತನ್ನ ಪಾಲಿನ ಬಲೆ ಮುಗಿಸಿದ ಒಬ್ಬ ಯುವಕ ಎದ್ದು ಹೋಗಲಿಲ್ಲ. ಪಕ್ಕದವನ ಬಲೆಯ ಅಂಚನ್ನು ತನ್ನತ್ತ ಎಳೆದುಕೊಂಡು ಮುಂದುವರಿಸಿದ.

ಹಾಳೆ ಬದಲಾದದ್ದು ಅಲ್ಲೇ. ಒಬ್ಬ ಮನುಷ್ಯನಿಗೆ ಒಂದೇ ಗುರುತು ಹಾಕುವ ಕ್ರಮ ಬಿಟ್ಟು ಎರಡು ಕಾಲಂ ಮಾಡಿದೆ. ಕೈ ಏನು ಮಾಡುತ್ತಿದೆ ಎಂಬುದು ಮೊದಲನೆಯದು. ಅವನು ಕೂಟದಲ್ಲಿದ್ದಾನೆಯೇ ಎಂಬುದು ಎರಡನೆಯದು. ಕೂಟ ಎನ್ನಲು ಮುಖಗಳು ಒಂದರತ್ತ ಒಂದು ತಿರುಗಿರಬೇಕು, ಮಾತು ನಡೆಯುತ್ತಿರಬೇಕು. ಇದರ ಜೊತೆಗೆ, ಅಲ್ಲಿ ಇರಲೇಬೇಕಾದ ಕೆಲಸವಿಲ್ಲದ ಒಬ್ಬರಾದರೂ ಆ ಗುಂಪಿನಲ್ಲಿ ಕುಳಿತಿರಬೇಕು, ಇಲ್ಲವೇ ಕೆಲಸ ಮುಗಿದವರು ಮುಂದಿನ ಸುತ್ತಿನ ಎಣಿಕೆಯಲ್ಲೂ ಅಲ್ಲೇ ಸಿಗಬೇಕು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ 1971ರಲ್ಲೇ ಹೊರಾಂಗಣದ ಚಟುವಟಿಕೆಗಳನ್ನು ಅಗತ್ಯದವು, ಇಷ್ಟದವು, ಸಾಮಾಜಿಕವಾದವು ಎಂದು ಮೂರು ಮಾಡಿದ್ದರು. ಮೂರನೆಯದು ಮೊದಲ ಎರಡರ ಬೆನ್ನೇರಿ ಬರುತ್ತದೆ ಎಂದೂ ಹೇಳಿದ್ದರು. ಬೈತಖೋಲದಲ್ಲಿ ಅಗತ್ಯ ಮತ್ತು ಸಾಮಾಜಿಕ ಎರಡೂ ಒಂದೇ ಮೈಯಲ್ಲಿ, ಒಂದೇ ಗಳಿಗೆಯಲ್ಲಿ ಇರುತ್ತವೆ. ಎರಡು ಕಾಲಂ ಬಂದ ಮೇಲೆ ಮಂಜುಗಡ್ಡೆ ಇಳಿಸುವ ಹುಡುಗ ಕೆಲಸದಲ್ಲೇ ಉಳಿದ, ತಾಡಪಾಲಿನ ಕೆಳಗಿನವರೆಲ್ಲ ನಕ್ಷೆಗೆ ಬಂದರು.

ಇದರಿಂದ ಇನ್ನೊಂದು ಬಾಗಿಲೂ ತೆರೆಯಿತು. ಹಳೆಯ ಹಾಳೆಗಳಲ್ಲಿ ಮೀನುಗಾರ ಹೆಂಗಸರು ಕಡಲತೀರದಲ್ಲೂ ಇಲ್ಲ, ಕಟ್ಟೆಯ ಮೇಲೂ ಇಲ್ಲ, ಎಲ್ಲೂ ಇಲ್ಲ. ಅವರಿಗೆ ಬಿಡುವೇ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹೊಸ ಹಾಳೆ ಹಿಡಿದು ಮೀನು ಮಾರುಕಟ್ಟೆಯ ಹೊರಗೆ ನಿಂತೆ. ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಒಣಮೀನಿನ ಬುಟ್ಟಿಗಳನ್ನು ಗೋಡೆಗೆ ಒರಗಿಸಿ, ಎಲೆ ಅಡಿಕೆಯ ಸಂಚಿ ಬಿಚ್ಚಿ, ದಿನದ ಹಣ ಎಣಿಸುತ್ತ, ಮಗಳ ಮದುವೆಯ ಮಾತು ಆಡುತ್ತ ಅವರು ಕೂರುವ ಒಂದು ಹೊತ್ತಿದೆ. ಬಸ್ಸು ಬಂದರೂ ಮುಂದಿನದಕ್ಕೆ ಹೋಗೋಣ ಎಂದು ಕೂತವರಿದ್ದರು. ಗಂಡಸರ ಬಿಡುವು ಸಂಜೆಗೆ ಏರುತ್ತದೆ, ಇವರದು ನಡುಮಧ್ಯಾಹ್ನಕ್ಕೆ. ನನಗೆ ತಿಳಿದಮಟ್ಟಿಗೆ ಈ ನಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಬೈತಖೋಲ ಪೂರ್ತಿ ಮುಗಿಯುವ ಮೊದಲೇ ಮನಸ್ಸು ಘಟ್ಟ ಹತ್ತಿ ಶಿರಸಿಗೆ ಹೋಗಿದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರಲ್ಲ, ಅಲ್ಲಿರುವುದು ಇದೇ ಗಂಟು. ಸುಲಿದಷ್ಟಕ್ಕೆ ಕೂಲಿ ಇದೆ, ಯಕ್ಷಗಾನದ ಪದ ಇದೆ, ಊರಿನ ಸುದ್ದಿಯೆಲ್ಲ ಇದೆ. ಸುಲಿಯುವ ಯಂತ್ರ ಬಂದ ಅಂಗಳದಲ್ಲಿ ಅದರ ಸದ್ದಿಗೆ ಮಾತು ಕೇಳಿಸುವುದಿಲ್ಲ. ಯಂತ್ರವಿರುವ ಅಂಗಳ, ಮೆಟ್ಟುಗತ್ತಿಯ ಅಂಗಳ ಎರಡನ್ನೂ ಒಂದೇ ಹಾಳೆಯಲ್ಲಿ ಅಳೆಯಬೇಕೆಂಬ ಆಸೆ ಬಲವಾಗಿದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ತುಂಬಿ ತುಳುಕುವ ಬಿಡ್ಕಿಬಯಲಿನಲ್ಲಿ ಜಾತ್ರೆಯಿಲ್ಲದ ವರ್ಷದ ಸಂಜೆಗಳು ಹೇಗಿರುತ್ತವೆ ಎಂಬುದನ್ನೂ ಅದರ ಜೊತೆಗೆ ನೋಡಬೇಕು.

ಅದಕ್ಕೆ ಮೊದಲು ಇಲ್ಲಿಯ ಕೆಲಸ ಬಾಕಿ ಇದೆ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ, ತಾಡಪಾಲು ಮಡಚಿ ಇಡುತ್ತಾರೆ. ಅಷ್ಟರೊಳಗೆ ಬೆಳಗಿನ ಹೊತ್ತಿನ ಎಣಿಕೆ ಮುಗಿಯಬೇಕು, ಬೋಟುಗಳು ಹೋದ ಮೇಲೆ ಅದೇ ಗಂಟೆಗಳಲ್ಲಿ ಅದೇ ತುಂಡುಗಳನ್ನು ಮತ್ತೆ ಎಣಿಸಬೇಕು. ಹೊಸ ಹಾಳೆಗಳನ್ನು ಈ ಸಲ ಅಂಕೋಲೆಯಲ್ಲಿ ಮುದ್ರಿಸಲು ಕೊಟ್ಟಿದ್ದೇನೆ. ಮೂಲೆಯಲ್ಲಿ 10 ಸೆಂಟಿಮೀಟರಿನ ಗೆರೆ ಎಳೆದು, ಮುದ್ರಿಸಿದ ಮೇಲೆ ಅದನ್ನು ಅಳೆದು ತೋರಿಸಿದರೆ ಮಾತ್ರ ಹಣ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ.