‘ಹೆಲ್ಸ್ ಹಿಂಜಸ್’ಗೆ ಕನ್ನಡ ಟೈಟಲ್ ಕಾರ್ಡ್: ಎರಡು ರೀಲು ಮುಗಿದವು

1916ರ ಈ ಮೂಕಿ ಚಿತ್ರ ಒಟ್ಟು ಐದು ರೀಲು. ಅದರ ಟೈಟಲ್ ಕಾರ್ಡುಗಳನ್ನು, ಅಂದರೆ ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು, ಕನ್ನಡಕ್ಕೆ ತರುವ ಕೆಲಸ ಇದು. ಊರಿನಲ್ಲಿ ಸಿಲ್ಕ್ ಮಿಲ್ಲರ್ ಆಡಿದ್ದೇ ಕಾನೂನು, ಹೊಸ ಪಾದ್ರಿಯನ್ನು ಓಡಿಸಬೇಕಾದ ಬಂದೂಕುಗಾರ ಬ್ಲೇಜ್ ಟ್ರೇಸಿಯೇ (ವಿಲಿಯಂ ಎಸ್. ಹಾರ್ಟ್) ಪಾದ್ರಿಯ ತಂಗಿಯನ್ನು ಕಂಡು ಮನಸ್ಸು ಬದಲಿಸುತ್ತಾನೆ.

ಮೊದಲು ವೇಗ, ಆಮೇಲೆ ಅಕ್ಷರ. ಕೈಲಿದ್ದದ್ದು ಸೆಕೆಂಡಿಗೆ 24 ಫ್ರೇಮಿನ ಪ್ರತಿ, ಮೂರು ಫ್ರೇಮಿಗೊಂದು ನಕಲು ಸೇರಿಸಿ ಹಿಗ್ಗಿಸಿದ್ದು. ನಕಲು ತೆಗೆಯಲು ಎಂಪಿಡೆಸಿಮೇಟ್ ಎಂಬ ಫಿಲ್ಟರ್ ಬಳಸಿದರೆ ಕಾರ್ಡುಗಳೇ ಮಾಯ: ಅಲುಗದ ಚಿತ್ರವೆಲ್ಲ ಅದಕ್ಕೆ ನಕಲೇ. ವಿಡಿಯೊ ಸಂಸ್ಕರಿಸುವ ತಂತ್ರಾಂಶ ವೇಪರ್‌ಸಿಂತ್‌ನ ವಿಡೆಸಿಮೇಟ್‌ನಲ್ಲಿ ಸೈಕಲ್ 4 ಕೊಟ್ಟರೆ ನಾಲ್ಕಕ್ಕೆ ಒಂದು ಮಾತ್ರ ಹೋಗಿ 18 ಉಳಿಯುತ್ತದೆ. ಕೈಯಲ್ಲಿ ತಿರುಗಿಸಿದ ಕ್ಯಾಮೆರಾ, ಹಾಗಾಗಿ ಎಲ್ಲ ಶಾಟಿಗೂ 18 ಒಪ್ಪಲೇಬೇಕೆಂದಿಲ್ಲ. ಏನಾದರೂ ಬೀಳುವ ಶಾಟ್ ಸಿಕ್ಕರೆ ಎಣಿಸಿ: 1.2 ಮೀಟರ್ ಬೀಳಲು ಅರ್ಧ ಸೆಕೆಂಡು, ಅಂದರೆ 9 ಫ್ರೇಮು. ಎಂಟೇ ಬಂದರೆ ಆ ಶಾಟ್ 16ರದ್ದು.

ಫ್ರೇಮುಗಳನ್ನು ಮತ್ತೆ ವಿಡಿಯೊ ಮಾಡುವಾಗ, ಅದಕ್ಕೆ ಬಳಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಫ್ರೇಮ್‌ರೇಟ್ 18 ಎಂಬುದು ಇನ್‌ಪುಟ್‌ಗಿಂತ ಮೊದಲು ಬರಬೇಕು. ಔಟ್‌ಪುಟ್ ಕಡೆ ಬರೆದರೆ ವೇಗ ಅದರ ಮಾಮೂಲಿ 25ರಲ್ಲೇ ಉಳಿದು ಫ್ರೇಮುಗಳು ಉದುರುತ್ತವೆ.

ಕಾರ್ಡಿನ ಅವಧಿಗೆ ಪದ ಎಣಿಸುವ ಲೆಕ್ಕ ಕನ್ನಡಕ್ಕೆ ಹೊಂದದು. ‘ಓಡಿಸಬೇಕಾಗಿತ್ತಂತೆ’ ಕೂಡ ಒಂದೇ ಪದ. ಇಲ್ಲಿ ಸೆಕೆಂಡಿಗೆ 10 ಅಕ್ಷರ, ಮೇಲೆ ಒಂದೂವರೆ ಸೆಕೆಂಡು. 60 ಅಕ್ಷರಕ್ಕೆ 7.5 ಸೆಕೆಂಡು, 135 ಫ್ರೇಮು. ಇದನ್ನೇ 24ರ ಲೆಕ್ಕದಲ್ಲಿ ಮಾಡಿಟ್ಟರೆ 180 ಫ್ರೇಮಾಗಿ, 18ರಲ್ಲಿ ಹತ್ತು ಸೆಕೆಂಡು ನಿಂತು ಆಕಳಿಕೆ ತರಿಸುತ್ತದೆ. ವೇಗ ಮೊದಲು ಎಂದದ್ದು ಇದಕ್ಕೇ.

ಎಡಿಟಿಂಗ್ ತಂತ್ರಾಂಶದ ಟೈಟಲ್ ಸಾಧನದಲ್ಲಿ ಒತ್ತಕ್ಷರ ಒಡೆದವು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ನೋಟೊ ಸೆರಿಫ್ ಕನ್ನಡ ಫಾಂಟಿನಿಂದ ಬರೆದು ಪಿಎನ್‌ಜಿ ಚಿತ್ರವಾಗಿಸಿದರೆ ಸರಿ. ಸಾಲಿನ ಅಂತರ 1.6 ಇರಲಿ, ಕಡಿಮೆಯಾದರೆ ‘ರಾಷ್ಟ್ರ’ದಂಥ ಪದದ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಅಪ್ಪಟ ಕಪ್ಪು ಹಿನ್ನೆಲೆ ಸತ್ತಂತೆ ಕಾಣುತ್ತದೆ, ಅದಕ್ಕೆ ಮೂಲದ ಕಪ್ಪು ಫ್ರೇಮುಗಳನ್ನೇ ಅಡಿಗೆ ಹಾಸಿದ್ದು. 12 ಫ್ರೇಮಿನ ಲೂಪಿನಲ್ಲಿ ಅದೇ ಗೀರು ಮತ್ತೆ ಮತ್ತೆ ಮಿನುಗಿ ಕಣ್ಣಿಗೆ ಹೊಡೆಯಿತು, 48ಕ್ಕೆ ಏರಿಸಿದ ಮೇಲೆ ಸುಮ್ಮನಾಯಿತು.

‘ಸಲೂನ್’ ಎಂದು ಬರೆದರೆ ಪಾದ್ರಿ ಕ್ಷೌರಕ್ಕೆ ಹೋಗಿ ಹಾಳಾದ ಎಂದಾಗುತ್ತದೆ. ಎಲ್ಲ ಕಡೆ ‘ಹೆಂಡದಂಗಡಿ’ ಮಾಡಿದೆ. ಚಿತ್ರದ ಕನ್ನಡ ಹೆಸರು ‘ನರಕದ ತಿರುಗಣಿ’. ‘ನರಕದ ಬಾಗಿಲು’ ಸಲೀಸು, ಆದರೆ ಸಪ್ಪೆ.

ಮುಂದಿನದು ಮೂರನೇ ರೀಲು.