ಗಾಡಿ ಇದ್ದರೂ ನಡೆದೇ ಹೋದರು

ನಾನು ಅಮೆರಿಕದ ನೆಬ್ರಾಸ್ಕಾದಲ್ಲಿ ನಾಲ್ಕನೇ ತರಗತಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆರೆಗಾನ್ ಟ್ರೇಲ್ ಇಲ್ಲಿನವರ ಮನೆಯಂಗಳದ ಚರಿತ್ರೆ. 1840ರ ದಶಕದಿಂದ ಲಕ್ಷಾಂತರ ಜನ ಬಟ್ಟೆ ಹೊದಿಸಿದ ಕಮಾನು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ದಾರಿ ಅದು. ಸುಮಾರು 3,200 ಕಿ.ಮೀ., ನಾಲ್ಕರಿಂದ ಆರು ತಿಂಗಳು. ಮೊದಲೆರಡು ವರ್ಷ ಸ್ಲೈಡ್ ತೋರಿಸಿ ಮುಗಿಸಿದೆ. ಮಕ್ಕಳು ಪರೀಕ್ಷೆಯಲ್ಲಿ ಬರೆದರು, ಮರೆತರು.

ಮೂರನೇ ವರ್ಷ ಒಂದು ದಿನದ ಗಾಡಿ ಪಯಣ ಇಟ್ಟುಕೊಂಡೆವು. ಯಾರು ಯಾವ ಗಾಡಿಯಲ್ಲಿ ಕೂರಬೇಕು ಅಂತ ನಾನು ಪಟ್ಟಿ ಮಾಡಿದ್ದೆ. ಗಾಡಿ ಹೊಡೆಯುವ ಅಜ್ಜ ಅದನ್ನು ನೋಡಿ ನಕ್ಕುಬಿಟ್ಟರು. "ಆಗ ಹೆಚ್ಚಿನವರು ನಡೀತಿದ್ರು ಟೀಚರ್" ಅಂದರು. ಆ ಮಾತು ನನ್ನ ಸ್ಲೈಡಿನಲ್ಲೇ ಇತ್ತು! ನಾನೇ ಓದಿ ಹೇಳಿದ್ದೆ, ತಲೆಗೆ ಇಳಿದಿರಲಿಲ್ಲ ಅಷ್ಟೇ.

ಗಾಡಿಯ ಒಳಗೆ ಜಾಗವೇ ಹತ್ತಡಿ ಉದ್ದ, ನಾಲ್ಕಡಿ ಅಗಲ. ದೊಡ್ಡವರೊಬ್ಬರಿಗೆ ಹಿಟ್ಟೇ 90 ಕೆ.ಜಿ. ಬೇಕು ಅನ್ನುತ್ತಿದ್ದರಂತೆ. ಇನ್ನು ಜನ ಎಲ್ಲಿ ಕೂರೋದು? ಸ್ಪ್ರಿಂಗ್ ಬೇರೆ ಇಲ್ಲ. ಹಟ ಮಾಡಿ ಹತ್ತಿದ ಇಬ್ಬರು ಹುಡುಗರು ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಇಳಿದರು. ಬೆಳಿಗ್ಗೆ ಗಾಡಿಗೆ ತೂಗುಹಾಕಿದ ಕೆನೆಯ ಡಬ್ಬಿಯಲ್ಲಿ ಸಂಜೆ ಹೊತ್ತಿಗೆ ಬೆಣ್ಣೆ ಬಂದಿತ್ತು. ಕುಲುಕಾಟ ಎಷ್ಟಿತ್ತು ಅಂತ ಅದೇ ಹೇಳಿತು.

ನಾನು ಎತ್ತಿನ ಗಾಡಿ ನೋಡುತ್ತಲೇ ಬೆಳೆದವಳು. ಆದರೂ ಇಲ್ಲಿನ ಎತ್ತುಗಳಿಗೆ ಮೂಗುದಾರ ಇಲ್ಲ, ಹಗ್ಗ ಇಲ್ಲ. ಹೊಡೆಯುವವರು ಎತ್ತುಗಳ ಎಡಬದಿಯಲ್ಲಿ ನಡೆಯುತ್ತಾ "ಜೀ" ಅಂದರೆ ಬಲಕ್ಕೆ, "ಹಾ" ಅಂದರೆ ಎಡಕ್ಕೆ ತಿರುಗುತ್ತವೆ. ಗಾಡಿಯ ಹಿಂದೆ ತೂಗುತ್ತಿದ್ದ ಟಾರಿನ ಬಕೆಟ್ ಮಾತ್ರ ನನಗೆ ಹಳೇ ಪರಿಚಯ: ನಮ್ಮ ಕೀಲೆಣ್ಣೆಯ ಅಣ್ಣತಮ್ಮ.

ನನ್ನ ಪಾಠ ನಿಜವಾಗಿ ಬುಡಮೇಲಾಗಿದ್ದು ಊಟದ ಹೊತ್ತಿನಲ್ಲಿ. ನೊಗ ಬಿಚ್ಚಿದ ಕೂಡಲೇ ಎತ್ತುಗಳು ಹುಲ್ಲಿಗೆ ಬಾಯಿ ಹಾಕಿದವು. ಒಬ್ಬಳು ಹುಡುಗಿ ಕೇಳಿದಳು: "ಅಷ್ಟೊಂದು ಎತ್ತು ತಿಂದರೆ, ಅಲ್ಲಿ ಮೊದಲೇ ಇದ್ದವರ ಕುದುರೆಗೆ ಏನು ಉಳೀತು?" ಆ ದಾರಿ ಸಾಗಿದ ಪ್ಲಾಟ್ ನದಿಯ ದಡದಲ್ಲಿ ಹುಲ್ಲು, ಸೌದೆ ಎರಡೂ ಬರಿದಾದವು, ಕಾಡೆಮ್ಮೆಗಳು ದೂರ ಸರಿದವು. ಅದರ ಏಟು ಬಿದ್ದಿದ್ದು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಷಾಯೆನ್, ಪಾನೀ ಜನರಿಗೆ. ನನ್ನ ನಲವತ್ತು ಸ್ಲೈಡಿನಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಈಗ ನಾವು ಮೊದಲು ನಡೆಯುತ್ತೇವೆ. ಸ್ಲೈಡು, ಲೆಕ್ಕ ಎಲ್ಲ ಆಮೇಲೆ, ಅವರ ಪ್ರಶ್ನೆ ಹಿಡಿದುಕೊಂಡು. ಸೀಟಿನ ಪಟ್ಟಿ ಮಾಡುವುದಿಲ್ಲ. ಪೋಷಕರಿಗೆ ಕಳಿಸುವ ಚೀಟಿಯ ಮೊದಲ ಸಾಲು ಇಷ್ಟೇ: ಗಟ್ಟಿ ಶೂ ಹಾಕಿ ಕಳಿಸಿ.