ಸಾರಿಗೆ ಬೇಡ, ರೊಟ್ಟಿಗೆ ಇರಲಿ: ಅಗಸೆ ಪುಡಿಯ ಲೆಕ್ಕ

ಅಗಸೆ ಬೀಜ ‘ಫ್ಲಾಕ್ಸ್ ಸೀಡ್’ ಆಗಿ ಸೂಪರ್ ಮಾರ್ಕೆಟ್ಟಿನ ಚಂದದ ಪ್ಯಾಕೆಟ್ಟಿಗೆ ಸೇರಿದ ಮೇಲೆ ಅದನ್ನು ಯಾವುದಕ್ಕೆ ಹಾಕಬೇಕು ಅನ್ನುವ ಗೊಂದಲ ಶುರುವಾಗಿದೆ. ವಿಜಯಪುರ, ಬಾಗಲಕೋಟೆ ಕಡೆಯ ಅಡುಗೆಮನೆಗೆ ಈ ಗೊಂದಲವಿಲ್ಲ. ಎರೆಹೊಲದ ಹಿಂಗಾರಿ ಬೆಳೆ ಅಗಸಿ; ಹುರಿದು ಕುಟ್ಟಿದರೆ ಹಿಂಡಿ, ಜೋಳದ ರೊಟ್ಟಿಯ ಜೊತೆಗಾರ. (ಪಲ್ಯಕ್ಕೆ ಬಳಸುವ ಅಗಸೆ ಸೊಪ್ಪು, ಹೂವು ಬೇರೆ ಮರದ್ದು. ಹೆಸರಷ್ಟೇ ಒಂದು.)

ಪುಡಿಯೇ ಯಾಕೆ? ಅಗಸೆಯ ಸಿಪ್ಪೆ ನುಣುಪು, ಗಟ್ಟಿ. ಅಗಿಯದೆ ನುಂಗಿದ ಬೀಜ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿದ ಒಂದು ದೊಡ್ಡ ಚಮಚ ಸುಮಾರು 7 ಗ್ರಾಂ ತೂಗುತ್ತದೆ. ಅದರಲ್ಲಿ 2 ಗ್ರಾಂನಷ್ಟು ನಾರು, ಸುಮಾರು 1.6 ಗ್ರಾಂ ಒಮೆಗಾ-3 ಎಂಬ ಕೊಬ್ಬಿನಂಶ. ಮೀನು ತಿನ್ನದವರಿಗೆ ಇದು ಒಳ್ಳೆಯ ಮೂಲ. ಆದರೆ ಮೀನೆಣ್ಣೆಗೆ ಇದು ಸರಿಸಾಟಿ ಎನ್ನುವುದು ಅಂಗಡಿಯವರ ಮಾತು. ಅಗಸೆಯಲ್ಲಿರುವುದು ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಬಗೆಯ ಒಮೆಗಾ-3. ನಮ್ಮ ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಮೀನಿನಲ್ಲಿರುವ ಬಗೆಗೆ ಬದಲಾಯಿಸಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಹುರಿಯುವಾಗಲೇ. ಮೊದಲನೆಯದಾಗಿ, ಬೀಜ ತೊಳೆಯಬೇಡಿ. ನೀರು ತಾಕಿದ ಕೂಡಲೇ ಸಿಪ್ಪೆ ಲೋಳೆ ಬಿಟ್ಟು ಬೀಜಗಳೆಲ್ಲ ಒಂದಕ್ಕೊಂದು ಅಂಟುತ್ತವೆ. ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿದರೆ ಸಾಕು. ದಪ್ಪ ತಳದ ಬಾಣಲೆಯಲ್ಲಿ 100 ಗ್ರಾಂ ಬೀಜವನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಕೆದಕುತ್ತ 5 ನಿಮಿಷ ಹುರಿಯಿರಿ. ಎರಡು ಮೂರು ನಿಮಿಷಕ್ಕೆ ಚಟಪಟ ಸದ್ದು ಶುರುವಾಗುತ್ತದೆ, ಬೀಜ ಕೊಂಚ ಉಬ್ಬುತ್ತದೆ. ಬಣ್ಣ ನೋಡಿ ಹದ ತಿಳಿಯಲಾಗದು, ಮೊದಲೇ ಕಂದು ಅಲ್ಲವೇ! ನಾಲ್ಕು ಬೀಜ ಬಾಯಿಗೆ ಹಾಕಿಕೊಳ್ಳಿ. ಹಲ್ಲಿಗೆ ಅಂಟಿದರೆ ಹಸಿ, ಕುರುಂ ಎಂದರೆ ಆಯಿತು. ಸದ್ದು ಕಡಿಮೆಯಾಗುತ್ತ ಬಂದಾಗ ಬೇರೆ ತಟ್ಟೆಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಇನ್ನೂ ಹುರಿದು ಕಹಿಯಾಗುತ್ತದೆ, ಆ ಕಹಿಯನ್ನು ಬೆಲ್ಲವೂ ಮುಚ್ಚಲಾರದು. ಹಸಿ ಬೀಜದಲ್ಲಿ ಸಯನೈಡ್ ಬಿಡುವ ಅಂಶ ಅಲ್ಪ ಪ್ರಮಾಣದಲ್ಲಿದೆ. ಹುರಿದಾಗ ಅದು ತಗ್ಗುತ್ತದೆ. ಹಾಗಾಗಿ ಹುರಿಯುವುದು ರುಚಿಗೆ ಮಾತ್ರವಲ್ಲ.

ಪೂರ್ತಿ ಆರಿದ ಮೇಲೆ ಮಿಕ್ಸಿಯ ಸಣ್ಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಿದ್ದಾಗ, ಇಲ್ಲವೇ ಒಂದೇ ಸಮ ತಿರುಗಿಸಿದಾಗ, ಎಣ್ಣೆ ಬಿಟ್ಟು ತಳಕ್ಕೆ ಮುದ್ದೆಯಾಗಿ ಕೂರುತ್ತದೆ. ಒಂದು ಸಲಕ್ಕೆ ವಾರಕ್ಕಾಗುವಷ್ಟೇ ಪುಡಿ ಮಾಡಿ, ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದು, ತೈಲವರ್ಣಕ್ಕೆ ಬೆರೆಸುವುದು ಇದೇ ಅಗಸೆಯ ಎಣ್ಣೆ; ಗಾಳಿ ತಾಕಿದರೆ ಒಣಗಿ ಪದರ ಕಟ್ಟುತ್ತದೆ. ಗಾಳಿಯೊಂದಿಗಿನ ಆ ನಂಟೇ ಡಬ್ಬಿಯಲ್ಲಿನ ಪುಡಿಗೆ ಕಮಟು ಹಿಡಿಸುತ್ತದೆ. ಮುಚ್ಚಳ ತೆಗೆದಾಗ ಬಣ್ಣದ ಡಬ್ಬಿಯ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ. ಇಡೀ ಬೀಜಕ್ಕೆ ಈ ಅವಸರವಿಲ್ಲ, ತಂಪು ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಹಿಂಡಿಗೆ: ಹುರಿದ ಅಗಸೆ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 10–12, ಜೀರಿಗೆ ಒಂದು ಚಮಚ, ಬೆಳ್ಳುಳ್ಳಿ 10 ಎಸಳು, ಗೋಲಿ ಗಾತ್ರದ ಹುಣಸೆ, ಗರಿಗರಿಯಾಗಿ ಹುರಿದ ಕರಿಬೇವು, ಒಂದೂವರೆ ಚಮಚ ಉಪ್ಪು. ಬೀಜ ಬಿಟ್ಟು ಉಳಿದದ್ದನ್ನು ಮೊದಲು ಪುಡಿ ಮಾಡಿ, ಅಗಸೆಯನ್ನು ಕೊನೆಗೆ ಸೇರಿಸಿ ತರಿತರಿಯಾಗಿ ತಿರುಗಿಸಿ. ಕರಿಬೇವಿನಲ್ಲಿ, ಹುಣಸೆಯಲ್ಲಿ ತೇವ ಉಳಿದರೆ ಹಿಂಡಿ ಹೆಪ್ಪುಗಟ್ಟುತ್ತದೆ. ಮೊಸರೋ ಕುಸುಬಿ ಎಣ್ಣೆಯೋ ಹಾಕಿ ಕಲಸಿಕೊಂಡು ತಿನ್ನುವುದೇ ಸರಿ. ಒಣ ಹಿಂಡಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ.

ಖಾರ ಬೇಡದ ದಿನಗಳಿಗೆ ಹಿಟ್ಟೇ ಒಳ್ಳೆಯ ದಾರಿ. ಎರಡು ಕಪ್ ಗೋಧಿ ಹಿಟ್ಟಿಗೆ ಎರಡು ದೊಡ್ಡ ಚಮಚ ಪುಡಿ; ನೀರು ಎರಡು ಮೂರು ಚಮಚ ಹೆಚ್ಚು ಬೇಕು, 20 ನಿಮಿಷ ನೆನೆಯಬೇಕು. ಇಲ್ಲಿ ಪುಡಿ ನುಣ್ಣಗಿರಲಿ. ತರಿ ಉಳಿದರೆ ಲಟ್ಟಿಸುವಾಗ ಸಣ್ಣ ತೂತು ಬಿದ್ದು ಹಬೆ ತಪ್ಪಿಸಿಕೊಳ್ಳುತ್ತದೆ, ಚಪಾತಿ ಉಬ್ಬುವುದಿಲ್ಲ. ಜೋಳದ ಹಿಟ್ಟಿನ ಕತೆ ಬೇರೆ. ಅದಕ್ಕೆ ಗೋಧಿಯ ಜಿಗುಟಿಲ್ಲ. ಎರಡು ಕಪ್ಪಿಗೆ ಒಂದು ದೊಡ್ಡ ಚಮಚ ಪುಡಿ ಬೆರೆಸಿ ಎಸರು ಹೊಯ್ದರೆ ಅಗಸೆಯ ಲೋಳೆ ಹಿಟ್ಟನ್ನು ಹಿಡಿದಿಡುತ್ತದೆ, ತಟ್ಟುವಾಗ ಅಂಚು ಬಿರಿಯುವುದು ಕಡಿಮೆ. ಅತಿಯಾದರೆ ಹಿಟ್ಟು ಕೈ ಬಿಡದು. ಇಡ್ಲಿ ಹಿಟ್ಟಿಗೆ ರಾತ್ರಿಯೇ ಹಾಕಬೇಡಿ. ಬೆಳಗಾಗುವಷ್ಟರಲ್ಲಿ ನೀರು ಹೀರಿ ಹಿಟ್ಟು ಭಾರವಾಗಿರುತ್ತದೆ. ತಟ್ಟೆಗೆ ಹೊಯ್ಯುವ ಮುಂಚೆ, ಮೂರು ಕಪ್ಪಿಗೆ ಒಂದು ದೊಡ್ಡ ಚಮಚ, ಅಷ್ಟೇ.

ಪಲ್ಯಕ್ಕಾದರೆ ಉರಿ ಆರಿಸಿ ಮೇಲೆ ಉದುರಿಸಿ. ಬದನೆಕಾಯಿ ಎಣ್ಣೆಗಾಯಿಯಲ್ಲಿ ಶೇಂಗಾ ಪುಡಿಯ ಕಾಲುಭಾಗ ಅಗಸೆಗೆ ಬಿಟ್ಟುಕೊಡಬಹುದು, ಚೆನ್ನಾಗಿ ಹೊಂದುತ್ತದೆ. ಆದರೆ ಗೊಜ್ಜು ಅರ್ಧ ತಾಸಿನಲ್ಲಿ ಗಟ್ಟಿಯಾಗುವುದರಿಂದ ನೀರು ಅರ್ಧ ಲೋಟ ಹೆಚ್ಚಿಡಿ. ಸಾರು, ಮಜ್ಜಿಗೆಗಳ ಸುದ್ದಿಗೆ ಹೋಗಬೇಡಿ. ತಿಳಿಸಾರಿನಲ್ಲಿ ಬೆಂಡೆಕಾಯಿಯ ಲೋಳೆ ತೇಲಿದಂತಿರುತ್ತದೆ, ಅದಕ್ಕೆ ಪರಿಹಾರವಿಲ್ಲ. ಮೊಸರುಬಜ್ಜಿಗೆ ಒಂದು ಸಣ್ಣ ಚಮಚ ನಡೆಯುತ್ತದೆ, ಊಟಕ್ಕೆ ಕೂರುವಾಗ ಹಾಕಿದರೆ.

ಮೊದಲ ವಾರ ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ಆಮೇಲೆ ಒಂದು ದೊಡ್ಡ ಚಮಚ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ನೀರು ಕಡಿಮೆ ಕುಡಿದರೆ ಇದೇ ನಾರು ಮಲಬದ್ಧತೆ ತರುತ್ತದೆ. ಮಾತ್ರೆ ನುಂಗುವವರು ಪುಡಿಗೂ ಮಾತ್ರೆಗೂ ಒಂದೆರಡು ತಾಸು ಅಂತರ ಇಟ್ಟುಕೊಳ್ಳಿ, ಲೋಳೆ ಮದ್ದನ್ನು ಸರಿಯಾಗಿ ಹೀರಲು ಬಿಡದೆ ಇರಬಹುದು. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.